ದಾವಣಗೆರೆಯಲ್ಲಿ ಪೆಲ್ವಿಕ್ ಫಿಸಿಯೋಥೆರಪಿ: ಮೈಯೋಸೈಟಿಸ್ ಇರುವವರು ಹೋಗಬಹುದಾ?

ಹೋಗಬಹುದು, ಹೋಗಲೇಬೇಕು. ಚಿಕಿತ್ಸೆಗೆ ಐದಕ್ಕೆ ಐದು ಕೊಡುತ್ತೇನೆ. ಕಟ್ಟಡಕ್ಕೆ ಎರಡು ಕೊಟ್ಟರೂ ಜಾಸ್ತಿಯೇ. ದೂರುಗಳನ್ನೂ ಬರೆಯುತ್ತಿರುವುದರಿಂದ ಸೆಂಟರಿನ ಹೆಸರು ಹಾಕುತ್ತಿಲ್ಲ. ಪಿ.ಜೆ. ಬಡಾವಣೆ ಕಡೆ ಇದೆ, ಅಷ್ಟು ಸಾಕು. ಹೆಸರಿಗಿಂತ ಮುಖ್ಯ ಏನೆಂದರೆ, ಮೂತ್ರ ಸೋರುವಂಥ ತೊಂದರೆಗೆ ಸೊಂಟದ ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವ ಇಂಥದ್ದೊಂದು ಚಿಕಿತ್ಸೆ ಇದೆ ಅಂತಲೇ ನಮ್ಮ ಊರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲೂ ನನ್ನಂಥ ಕಾಯಿಲೆ ಇರುವವರಿಗೆ ಯಾರೂ ಹೇಳುವುದೇ ಇಲ್ಲ.

ಮೈಯೋಸೈಟಿಸ್ ಅಂದರೆ ಸ್ನಾಯುಗಳ ಉರಿಯೂತ. ನನಗಿರುವುದು ಅದರಲ್ಲಿ ಚರ್ಮಕ್ಕೂ ಬರುವ ಡರ್ಮಟೋಮೈಯೋಸೈಟಿಸ್. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಸ್ನಾಯುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಕಣ್ಣಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಬೆರಳ ಗೆಣ್ಣುಗಳ ಮೇಲೆ ಕೆಂಪಗೆ ದಪ್ಪ ಕಲೆ ಬರುತ್ತದೆ, ತೊಡೆ, ಸೊಂಟ, ಭುಜ ಸೋಲುತ್ತವೆ. ಚರ್ಮದ ತೊಂದರೆ ಇಲ್ಲದೆ ಬರೀ ಸ್ನಾಯುವಿಗೆ ಬಂದರೆ ಪಾಲಿಮೈಯೋಸೈಟಿಸ್ ಎನ್ನುತ್ತಾರೆ. ರಕ್ತದಲ್ಲಿ ಸಿಪಿಕೆ (ಸ್ನಾಯುವಿಗೆ ಪೆಟ್ಟಾದಾಗ ಏರುವ ಅಂಶ) ನೋಡುತ್ತಾರೆ, ಎಂಆರ್‌ಐ ಮಾಡುತ್ತಾರೆ, ಕೆಲವರಿಗೆ ಸ್ನಾಯುವಿನ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಆಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಹೀಗೆ ವರ್ಷಗಟ್ಟಲೆ ಮಾತ್ರೆ. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ ಬರುತ್ತದೆ.

ಡಾಕ್ಟರ್ ಹತ್ತಿರ ಹೋದಾಗ ಕೇಳುವ ಪ್ರಶ್ನೆ ಎಲ್ಲರಿಗೂ ಬಾಯಿಪಾಠ ಆಗಿರುತ್ತದೆ. ಮೆಟ್ಟಿಲು ಹತ್ತುತ್ತೀರಾ, ತಲೆ ಬಾಚಿಕೊಳ್ಳೋಕೆ ಕೈ ಎತ್ತೋಕೆ ಆಗುತ್ತಾ, ನುಂಗೋಕೆ ಕಷ್ಟ ಇದೆಯಾ, ದಮ್ಮು ಬರುತ್ತಾ. ಎಲ್ಲಾ ಬೇಕಾದ ಪ್ರಶ್ನೆಗಳೇ. ಆದರೆ ಕೆಮ್ಮಿದರೆ ಮೂತ್ರ ಸೋರುತ್ತಾ, ಬಾತ್‌ರೂಮ್ ತಲುಪೋ ಮುಂಚೆ ಆಗಿಬಿಡುತ್ತಾ, ಗಂಡನ ಜೊತೆ ಸೇರುವಾಗ ನೋವಾಗುತ್ತಾ ಅಂತ ಯಾರೂ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ. ಪಕ್ಕದಲ್ಲಿ ಮಗ ನಿಂತಿರುತ್ತಾನೆ, ಹಿಂದೆ ಇನ್ನೊಬ್ಬ ಪೇಷೆಂಟ್ ಬಾಗಿಲು ತಳ್ಳುತ್ತಿರುತ್ತಾರೆ, ಬೆಂಗಳೂರಿಗೆ 260 ಕಿಲೋಮೀಟರ್ ಹೋಗಿ ಸಿಗುವ ಆ ಹತ್ತು ನಿಮಿಷದಲ್ಲಿ ಇದನ್ನು ಎಲ್ಲಿಂದ ಶುರು ಮಾಡೋದು? ವಯಸ್ಸಾಯ್ತು, ಎರಡು ಹೆರಿಗೆ ಆಗಿದೆ, ಇದೆಲ್ಲಾ ಇರೋದೇ ಅಂತ ಸುಮ್ಮನಾಗುತ್ತೇವೆ. ನಾನು ಹೈಸ್ಕೂಲ್ ಟೀಚರ್. ಪೀರಿಯಡ್ ನಡುವೆ ಎದ್ದು ಹೋಗುವ ಹಾಗಿಲ್ಲ, ಹಾಗಾಗಿ ಬೆಳಗ್ಗೆಯಿಂದ ನೀರೇ ಕುಡಿಯದೆ ಇರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಎಷ್ಟು ಜನ ಹೀಗೇ ಮಾಡುತ್ತಾರೆ ಅಂತ ಟೀಚರುಗಳಿಗೆ ಗೊತ್ತಿರುತ್ತೆ ಅಲ್ವಾ.

ಈ ಸೆಂಟರಿಗೆ ನಾನು ಹೋಗಿದ್ದು ಸೊಂಟನೋವಿಗೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು, ನನಗಿಂತ ಬಹಳ ಚಿಕ್ಕವಳು. ಕಾಯಿಲೆಯ ಹೆಸರು ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟು ಕೇಳಿದಳು, "ಮೇಡಂ, ಇನ್ನೊಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ್ರಿ. ಒಂದಕ್ಕೆ ಹೋಗೋದ್ರಾಗೆ ಏನಾರ ತೊಂದ್ರೆ ಐತೇನ್ರಿ?" ಅಷ್ಟು ಸಾಕಾಯಿತು. ಎಲ್ಲಾ ಹೇಳಿದೆ.

ಅವಳು ವಿವರಿಸಿದ್ದು ಹೀಗೆ. ಸೊಂಟದ ಮೂಳೆಗಳ ಕೆಳಗೆ, ಮುಂದಿನಿಂದ ಹಿಂದಿನವರೆಗೆ, ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಮೂತ್ರಚೀಲ, ಗರ್ಭಕೋಶ, ಮಲದ್ವಾರದ ಮೇಲಿನ ಭಾಗ ಎಲ್ಲವನ್ನೂ ಹಿಡಿದುಕೊಂಡಿರುವುದು ಅವೇ. ಮೂತ್ರಚೀಲದ ಗೋಡೆಯ ಸ್ನಾಯು ಬೇರೆ ಜಾತಿ, ಅದು ನಮ್ಮ ಮಾತು ಕೇಳುವುದಿಲ್ಲ. ಆದರೆ ಈ ಕೆಳಗಿನ ಸ್ನಾಯುಗಳು ತೊಡೆ, ತೋಳಿನ ಸ್ನಾಯುಗಳ ಜಾತಿಯವೇ. ನಾವು ಬೇಕೆಂದಾಗ ಬಿಗಿ ಹಿಡಿಯಬಹುದು, ಬಿಡಬಹುದು. ತೊಡೆಯ ಸ್ನಾಯು ಸೋಲುವ ಕಾಯಿಲೆಯಲ್ಲಿ ಇವೂ ಸೋಲಬಹುದು. ಚೆಕ್ ದೇಶದ ಪ್ರಾಗ್ ನಗರದಲ್ಲಿ ಮೈಯೋಸೈಟಿಸ್ ಇರುವವರನ್ನೂ ಆರೋಗ್ಯವಾಗಿರುವವರನ್ನೂ ಹೋಲಿಸಿ ನೋಡಿದ್ದಾರಂತೆ. ಮೈಯೋಸೈಟಿಸ್ ಇರುವವರಲ್ಲಿ ಈ ಸ್ನಾಯುಗಳ ತೊಂದರೆಯೂ ಲೈಂಗಿಕ ತೊಂದರೆಯೂ ಜಾಸ್ತಿ ಕಂಡಿವೆ. ಇದನ್ನು ಕೇಳಿ ನನಗೆ ಎಷ್ಟು ಹಗುರಾಯಿತು ಅಂದರೆ, ವಾಪಸ್ ಬರುವಾಗ ಆಟೋದಲ್ಲೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಮೊದಲನೇ ಸಲ ವ್ಯಾಯಾಮ ಏನೂ ಇಲ್ಲ. ಒಂದು ಹಾಳೆ ಕೊಟ್ಟು ಮೂರು ದಿನ ಬರೆದುಕೊಂಡು ಬನ್ನಿ ಎಂದಳು. ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಎಂಎಲ್ ಆಯಿತು, ಸೋರಿದ್ದು ಯಾವಾಗ, ಆಗ ಏನು ಮಾಡುತ್ತಿದ್ದಿರಿ. ಅಳೆಯುವುದಕ್ಕೆ ಗೆರೆ ಇರುವ ಹಳೇ ಪ್ಲಾಸ್ಟಿಕ್ ಮಗ್ ಒಂದನ್ನು ಬಾತ್‌ರೂಮಿನಲ್ಲಿ ಬೇರೆ ಇಟ್ಟುಕೊಂಡೆ. ಸಾಮಾನ್ಯವಾಗಿ ದೊಡ್ಡವರ ಮೂತ್ರಚೀಲ 300ರಿಂದ 500 ಎಂಎಲ್ ಹಿಡಿಯುತ್ತದೆ. ನನ್ನ ಹಾಳೆಯಲ್ಲಿ ಬಹಳ ಕಡೆ ಅದರ ಅರ್ಧವೂ ಇರಲಿಲ್ಲ. ಎಲ್ಲಿಗಾದರೂ ಹೊರಡುವ ಮುಂಚೆ, ಬೇಕಿರಲಿ ಬಿಡಲಿ, ಹೋಗಿ ಬರುವ ಅಭ್ಯಾಸದಿಂದ ಹಾಗಾಗಿದೆ ಎಂದಳು.

ಆ ಹಾಳೆ ನೋಡಿಯೇ ಅವಳು ನನ್ನ ತೊಂದರೆಯನ್ನು ಬಿಡಿಸಿ ಇಟ್ಟಳು. ಕೆಮ್ಮಿದಾಗ ಸೋರುವುದು ಒಂದು. ಅದಕ್ಕೆ ಸ್ನಾಯು ಸೋತಿರುವುದು ಕಾರಣ, ಜೊತೆಗೆ ಕೆಮ್ಮೂ ಕಾರಣ. ಮೈಯೋಸೈಟಿಸ್‌ನಲ್ಲಿ ಕೆಲವರಿಗೆ, ಅದರಲ್ಲೂ ರಕ್ತದಲ್ಲಿ ಆಂಟಿ-ಜೋ-1 ಎಂಬ ಪ್ರತಿಕಾಯ ಇರುವವರಿಗೆ, ಶ್ವಾಸಕೋಶಕ್ಕೂ ತೊಂದರೆ ಆಗಿ ಒಣಕೆಮ್ಮು ಹಿಡಿಯುತ್ತದೆ. ಕೆಮ್ಮು ಹಳೆಯದಾಗಿದ್ದರೆ ಎದೆ ತೋರಿಸಿ ಅಂತ ಅವಳೇ ಒತ್ತಿ ಹೇಳಿದಳು.

ಎರಡನೆಯದು ನಾನು ಯೋಚನೆಯೇ ಮಾಡದಿದ್ದ ವಿಷಯ. ಮನೆಯಲ್ಲಿ ಸೋಫಾದಿಂದ ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಆಗುವುದಕ್ಕೆ ಮೂತ್ರಚೀಲದ್ದೇ ತಪ್ಪಿಲ್ಲ. ಸೋಫಾ ತಗ್ಗು, ತೊಡೆಯಲ್ಲಿ ಬಲ ಇಲ್ಲ, ಕೈ ಊರಿ ಎರಡು ಸಲ ಪ್ರಯತ್ನ ಪಟ್ಟು ಏಳಬೇಕು, ಆಮೇಲೆ ಬಾಗಿಲು, ಆಮೇಲೆ ಸೀರೆ. ಅಷ್ಟು ಹೊತ್ತು ಯಾರ ಸ್ನಾಯು ಕಾಯುತ್ತದೆ? ಇದಕ್ಕೆ ಮಾತ್ರೆ ಬೇಡ. ಸೋಫಾ ಬಿಟ್ಟು ಎತ್ತರದ ಕುರ್ಚಿಯಲ್ಲಿ ಕೂರಬೇಕು, ಕಮೋಡ್ ಮೇಲೆ ಎತ್ತರಿಸುವ ಸೀಟ್ ಇಡಬೇಕು, ಗೋಡೆಗೆ ಕಂಬಿ ಹಾಕಿಸಬೇಕು, ಮನೆಯಲ್ಲಿ ಲಾಡಿ ಬದಲು ಎಲಾಸ್ಟಿಕ್. ಸೀಟನ್ನು ಸರ್ಜಿಕಲ್ ಅಂಗಡಿಯಲ್ಲಿ ತಂದೆವು, ಕಂಬಿಯನ್ನು ನಮ್ಮ ಓಣಿಯ ಪ್ಲಂಬರ್ ಹಾಕಿಕೊಟ್ಟ. ನಿಜವಾಗಿ ಹೇಳುತ್ತೇನೆ, ಮೊದಲು ಕಡಿಮೆಯಾಗಿದ್ದು ಇದರಿಂದ. ಇಂಡಿಯನ್ ಟಾಯ್ಲೆಟ್ ಮಾತ್ರ ಇರುವ ಮನೆಯಾದರೆ ಮಡಚುವ ಕಮೋಡ್ ಕುರ್ಚಿ ತನ್ನಿ, ಕಾಲಿನ ರಬ್ಬರ್ ಬುಷ್ ಗಟ್ಟಿ ಇದೆಯಾ, ಒದ್ದೆ ನೆಲದಲ್ಲಿ ಜಾರುತ್ತಾ ಅಂತ ಅಂಗಡಿಯಲ್ಲೇ ಕೂತು ನೋಡಿ.

ಆ ಸ್ನಾಯುಗಳ ಬಲ ನೋಡುವ ಒಳಪರೀಕ್ಷೆಯ ಬಗ್ಗೆ ಬಹಳ ಜನಕ್ಕೆ ಭಯ ಇರುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇರೆ ಕೋಣೆ, ಒಳಗಿನಿಂದ ಚಿಲಕ, ಬಾಗಿಲಿನ ಒಳಗೆ ಮತ್ತೆ ಪರದೆ. ಏನು ಮಾಡುತ್ತೇನೆ ಅಂತ ಮೊದಲೇ ಪ್ಲಾಸ್ಟಿಕ್ ಮಾದರಿ ಹಿಡಿದು ತೋರಿಸಿದಳು. "ಬ್ಯಾಡ ಅಂದ್ರೆ ಬ್ಯಾಡ, ಹೊರಗಿಂದಾನೇ ನೋಡ್ತೀನಿ, ಮಧ್ಯದಾಗೆ ಸಾಕು ಅಂದ್ರೂ ನಿಲ್ಲಿಸ್ತೀನಿ" ಎಂದಳು. ಹೊದಿಕೆ ಕೊಟ್ಟು, ತಾನು ಪರದೆಯ ಹೊರಗೆ ಹೋಗಿ, ನಾನು ಕರೆದ ಮೇಲೆ ಬಂದಳು. ಗ್ಲೌಸ್ ಹಾಕಿದ ಒಂದೇ ಬೆರಳು. ಗ್ಯಾಸ್ ತಡೆಯುವ ಹಾಗೆ ಒಳಕ್ಕೆ ಎಳೆದುಕೊಳ್ಳಿ, ಹೊಟ್ಟೆ ಬಿಗಿ ಮಾಡಬೇಡಿ, ಉಸಿರು ಹಿಡಿಯಬೇಡಿ ಎಂದಳು. ಮೂರು ಸೆಕೆಂಡ್ ಹಿಡಿದದ್ದು ತಾನಾಗಿ ಬಿಟ್ಟುಹೋಯಿತು. ನಾಲ್ಕನೇ ಸಲ ಹಿಡಿಯಲೇ ಇಲ್ಲ. ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಆಕ್ಸ್‌ಫರ್ಡ್ ಸ್ಕೇಲ್ ಅಂತ ಇದೆಯಂತೆ, ನನಗೆ ಎರಡು ಬಂತು. ಎಲ್ಲಾ ಸೇರಿ ಐದು ನಿಮಿಷ. ನೋವಿಲ್ಲ.

ಇಲ್ಲೊಂದು ಮಾತು. ಈ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವುದಕ್ಕೆ ಕೀಗಲ್ ವ್ಯಾಯಾಮ ಅಂತ ಫೋನಿನಲ್ಲಿ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಅಮೆರಿಕದ ಅರ್ನಾಲ್ಡ್ ಕೀಗಲ್ ಎಂಬ ಸ್ತ್ರೀರೋಗ ವೈದ್ಯರು 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿದಿದೆ. ವ್ಯಾಯಾಮ ಒಳ್ಳೆಯದೇ. ಆದರೆ ಎಲ್ಲರಿಗೂ ಅಲ್ಲ. ಕೆಲವರಿಗೆ ಆ ಸ್ನಾಯು ಸೋತಿರುವುದಿಲ್ಲ, ಬಿಗಿದುಕೊಂಡಿರುತ್ತದೆ, ಸೇರುವಾಗ ನೋವು ಬರುವುದು ಅದಕ್ಕೇ. ಅಂಥವರು ಮತ್ತೆ ಬಿಗಿ ಹಿಡಿಯುವ ವ್ಯಾಯಾಮ ಮಾಡಿದರೆ ನೋವು ಹೆಚ್ಚಾಗುತ್ತದೆ. ಅವರಿಗೆ ಬೇಕಿರುವುದು ಸಡಿಲ ಬಿಡುವ ಅಭ್ಯಾಸ. ಯಾವುದು ಅಂತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಮೂತ್ರ ಮಾಡುತ್ತಾ ಮಾಡುತ್ತಾ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಕೆಲವು ವಿಡಿಯೋಗಳಲ್ಲಿ ಹೇಳುತ್ತಾರೆ, ಅದನ್ನಂತೂ ದಯವಿಟ್ಟು ಮಾಡಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಶುರುವಾಗಬಹುದು.

ನನ್ನ ವ್ಯಾಯಾಮವನ್ನು ಕಾಯಿಲೆ ನೋಡಿಕೊಂಡು ಹಾಕಿಕೊಟ್ಟಿದ್ದಾಳೆ. ಮಲಗಿಕೊಂಡು ಮೂರು ಸೆಕೆಂಡ್ ಹಿಡಿ, ಅದರ ಎರಡರಷ್ಟು ಹೊತ್ತು ಬಿಡು. ಸುಸ್ತಾಗುವ ಮುಂಚೆ ನಿಲ್ಲಿಸು. ಬಲ ಬಂದ ಮೇಲೆ ಐದು ಸೆಕೆಂಡ್, ಆಮೇಲೆ ಕೂತು, ಆಮೇಲೆ ನಿಂತು. ಕೆಮ್ಮು ಬರುತ್ತಿದೆ ಅಂತ ಗೊತ್ತಾದ ತಕ್ಷಣ, ಕೆಮ್ಮುವ ಮುಂಚೆಯೇ ಒಮ್ಮೆ ಬಿಗಿ ಹಿಡಿ. ಇದೊಂದು ಅಭ್ಯಾಸ ಬಂದರೆ ಅರ್ಧ ಗೆದ್ದ ಹಾಗೆ. ಮೊದಲೆಲ್ಲಾ ಮೈಯೋಸೈಟಿಸ್ ಅಂದರೆ ಮಲಗಿರಿ, ಸ್ನಾಯು ದಣಿಸಬೇಡಿ ಎನ್ನುತ್ತಿದ್ದರು. ಸ್ವೀಡನ್ನಿನ ಫಿಸಿಯೋಥೆರಪಿಸ್ಟ್ ಹೆಲೆನ್ ಅಲೆಕ್ಸಾಂಡರ್ಸನ್ ಮತ್ತು ಜೊತೆಯವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲೇ ಮಾಡುವ ಹಗುರ ವ್ಯಾಯಾಮದಿಂದ ಕಾಯಿಲೆ ಕೆರಳುವುದಿಲ್ಲ ಅಂತ ಕಂಡಿತು. ಆಮೇಲೆ ಈ ಯೋಚನೆಯೇ ಬದಲಾಗಿದೆ. ಹಾಗಂತ ಸಿಪಿಕೆ ಏರಿದಾಗ, ಮೈ ಹೊಸದಾಗಿ ಸೋಲುತ್ತಿರುವಾಗ ಹಟ ಹಿಡಿದು ಮಾಡಬಾರದು. ಅವಳು ಪ್ರತಿ ಸಲ ರಿಪೋರ್ಟ್ ನೋಡಿಯೇ ಮುಂದಿನದು ಹೇಳುತ್ತಾಳೆ. ಕನಿಷ್ಠ ಮೂರು ತಿಂಗಳಾದರೂ ಬೇಕು, ಎರಡೇ ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ ಎಂದು ಮೊದಲ ದಿನವೇ ಹೇಳಿದ್ದಳು, ಅದು ನಿಜವಾಯಿತು. ಈಗ ಕೆಮ್ಮಿಗೆ ಹೆದರುವುದಿಲ್ಲ. ಪೂರ್ತಿ ಹೋಗಿದೆ ಎನ್ನಲಾರೆ, ಜ್ವರ ನೆಗಡಿ ಬಂದಾಗ ಪ್ಯಾಡ್ ಇಟ್ಟುಕೊಳ್ಳುತ್ತೇನೆ.

ಈ ಸೆಂಟರನ್ನು ನಾನು ನಂಬಿದ್ದು ಇನ್ನೊಂದು ಕಾರಣಕ್ಕೆ. ನನಗೆ ಉರಿಮೂತ್ರ ಆದಾಗ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಳ್ಳುತ್ತೇನೆ ಎಂದೆ. ಅವಳು ಗಾಬರಿಯಾಗಿ ನನ್ನ ಮಾತ್ರೆ ಚೀಟಿ ಮತ್ತೆ ತೆಗೆಸಿದಳು. ಮೆಥೊಟ್ರೆಕ್ಸೇಟ್ ತಗೊಳ್ಳುವವರು ಸೆಪ್ಟ್ರಾನ್ ಜಾತಿಯ ಆಂಟಿಬಯೋಟಿಕ್ ಮಾತ್ರೆಯನ್ನು ಸುಮ್ನೆ ಕೌಂಟರಿನಲ್ಲಿ ಕೇಳಿ ನುಂಗಬಾರದು. ಎರಡೂ ಸೇರಿದರೆ ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಂತುಹೋಗಬಹುದು, ಜೀವಕ್ಕೇ ಅಪಾಯ. ನಮ್ಮ ಕಡೆ ಉರಿಮೂತ್ರ ಅಂದ ತಕ್ಷಣ ಕೊಡುವ ಮಾತ್ರೆಗಳಲ್ಲಿ ಅದೂ ಒಂದು. ಸ್ಟೆರಾಯ್ಡ್ ಮತ್ತು ಮೆಥೊಟ್ರೆಕ್ಸೇಟ್‌ನಂಥ ಮಾತ್ರೆಗಳಿಂದ ಸೋಂಕು ಬೇಗ ಹಿಡಿಯುತ್ತದೆ, ಸ್ಟೆರಾಯ್ಡಿಂದ ಶುಗರ್ ಏರಿ ಪದೇ ಪದೇ ಮೂತ್ರ ಬರುತ್ತದೆ, ಕೆಳಗೆ ಫಂಗಸ್ ಆಗಿ ತುರಿಕೆ, ಮೊಸರಿನಂಥ ಬಿಳಿ ಸೆರಗು ಬರುತ್ತದೆ. ಇವೆಲ್ಲಾ ನನಗೆ ಒಂದೊಂದು ಬೇರೆ ಬೇರೆ ಕಾಯಿಲೆ ಅನಿಸಿತ್ತು. "ಇದು ನನ್ನ ಕೆಲ್ಸ ಅಲ್ಲ, ಡಾಕ್ಟ್ರ ಹತ್ರ ಹೋಗ್ಬೇಕು" ಅಂತ ಹೇಳಿ, ಮೂತ್ರದ ಕಲ್ಚರ್ ಮಾಡಿಸಿ, ಶುಗರ್ ನೋಡಿಸಿ ಅಂತ ಸ್ತ್ರೀರೋಗ ತಜ್ಞರಿಗೆ ಒಂದು ಪತ್ರ ಬರೆದುಕೊಟ್ಟಳು. ತನ್ನ ಮಿತಿ ಗೊತ್ತಿರುವವರ ಹತ್ತಿರ ಮೈ ತೋರಿಸುವುದಕ್ಕೆ ಧೈರ್ಯ ಬರುತ್ತದೆ.

ನೀರು ಬಿಡಬೇಡಿ ಎಂದು ನೂರು ಸಲ ಹೇಳಿದ್ದಾಳೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಇನ್ನೂ ಅವಸರ ಮಾಡುತ್ತದೆ, ಸೋಂಕು ಬರುತ್ತದೆ, ಮಲಬದ್ಧತೆ ಆಗಿ ತಿಣುಕಿದರೆ ಅದೇ ಸ್ನಾಯುಗಳ ಮೇಲೆ ಭಾರ ಬೀಳುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ನೀರಿಲ್ಲದೆ ಇರುವುದು ಬೇರೆ ಯಾವ ಲೆಕ್ಕದಲ್ಲೂ ಒಳ್ಳೆಯದಲ್ಲ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನಿ, ಜೊತೆಗಿನ ಎರಡನೇ ಟೀ ಬಿಡಿ.

ಇನ್ನು ಗಂಡ ಹೆಂಡತಿ ವಿಷಯ. ಇದನ್ನು ಬರೆಯಬೇಕಾ ಅಂತ ಬಹಳ ಯೋಚಿಸಿದೆ, ಬರೆಯಲೇಬೇಕು. ಕಾಯಿಲೆ ಬಂದ ಮೇಲೆ ನಮ್ಮಿಬ್ಬರ ಮಧ್ಯೆ ಏನೂ ಇರಲಿಲ್ಲ. ನನಗೆ ನೋವು, ಒಣಗಿದ ಹಾಗೆ ಆಗುವುದು, ತೊಡೆ ಅಗಲಿಸಿ ಸ್ವಲ್ಪ ಹೊತ್ತು ಹಿಡಿಯಲಿಕ್ಕೇ ಆಗದಿರುವುದು, ಮೇಲಿಂದ ಸ್ಟೆರಾಯ್ಡಿಂದ ಮುಖ ಊದಿ ಕನ್ನಡಿ ನೋಡಲಿಕ್ಕೇ ಮನಸ್ಸಿಲ್ಲದಿರುವುದು. ನಮ್ಮ ಮನೆಯವರಿಗೆ, ಮುಟ್ಟಿದರೆ ಎಲ್ಲಿ ನೋವಾಗುತ್ತೋ ಎಂಬ ಹೆದರಿಕೆ. ಅವರು ದೂರ ಮಲಗಿದ್ದು ನನಗೋಸ್ಕರ, ನಾನು ತಿಳಿದದ್ದು ಅವರಿಗೆ ನಾನು ಬೇಡವಾದೆ ಅಂತ. ಒಂದು ದಿನ ಇಬ್ಬರನ್ನೂ ಕೂರಿಸಿ ಮಾತಾಡಿದಳು. ಆ ಹುಡುಗಿ ಒಂದು ಚೂರೂ ಮುಜುಗರ ಇಲ್ಲದೆ, ಮಂಡಿನೋವಿನ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಹೇಳಿದಳು. ರಾತ್ರಿ ಸುಸ್ತಾಗಿದ್ದರೆ ಬೆಳಗ್ಗೆ ಅಥವಾ ವಿಶ್ರಾಂತಿ ಆದ ಮೇಲೆ. ಪಕ್ಕಕ್ಕೆ ಮಲಗಿ, ಮಂಡಿ ಮಧ್ಯೆ, ಸೊಂಟದ ಕೆಳಗೆ ದಿಂಬು ಇಟ್ಟು, ಸ್ನಾಯುವಿನ ಮೇಲೆ ಭಾರ ಬೀಳದ ಹಾಗೆ. ನೀರಿನಂಶದ ಜೆಲ್ ಬಳಸಿ, ಕೊಬ್ಬರಿ ಎಣ್ಣೆ ಬೇಡ, ಕಾಂಡೋಮ್ ಇದ್ದರೆ ಎಣ್ಣೆಗೆ ಹರಿಯುತ್ತದೆ. ಮುಟ್ಟು ನಿಂತವರಿಗೆ ಹಚ್ಚುವ ಹಾರ್ಮೋನ್ ಕ್ರೀಮ್ ಇದೆ, ಅದನ್ನು ಡಾಕ್ಟರೇ ಬರೆದುಕೊಡಬೇಕು. ಮನೆಯವರು ತಲೆ ತಗ್ಗಿಸಿ ಕೇಳುತ್ತಿದ್ದವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು, "ಇದ್ರಿಂದ ಅವಳ ಕಾಯಿಲೆ ಜಾಸ್ತಿ ಆಗಲ್ಲ ಅಲ್ವೇನಮ್ಮಾ?" ಆಗಲ್ಲ ಎಂದಳು. ಅವರ ಮುಖ ನೋಡಬೇಕಿತ್ತು.

ಮಕ್ಕಳು ಬೇಕು ಅಂತ ಇರುವ ಚಿಕ್ಕ ವಯಸ್ಸಿನವರು ಒಂದು ತಿಳಿದುಕೊಳ್ಳಿ. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಬಸಿರಾಗುವ ಎಷ್ಟೋ ಮುಂಚೆಯೇ ಡಾಕ್ಟರಿಗೆ ಹೇಳಿ ಮಾತ್ರೆ ಬದಲಾಯಿಸಿಕೊಳ್ಳಬೇಕು, ಅಲ್ಲಿಯವರೆಗೆ ತಪ್ಪದೆ ಮುಂಜಾಗ್ರತೆ ಬೇಕು.

ಈಗ ದೂರುಗಳು. ಸೆಂಟರ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲಿಗೆ ಒಂದೇ ಕಡೆ ಕಂಬಿ, ಅದೂ ಅಲ್ಲಾಡುತ್ತದೆ. ಸ್ನಾಯು ಸೋತವರು, ಹೆರಿಗೆಯಾದವರು, ವಯಸ್ಸಾದವರು ಬರುವ ಜಾಗ ಇದು. ಮೂತ್ರದ ತೊಂದರೆಗೆ ಬರುವ ಜನಕ್ಕೆ ಇರುವುದು ಒಂದೇ ಇಂಡಿಯನ್ ಟಾಯ್ಲೆಟ್. ಮೊದಲ ಸಲ ನಾನು ಅಲ್ಲಿ ಹೋಗಲಾಗದೆ ಮನೆಯವರೆಗೆ ತಡೆದುಕೊಂಡೇ ಬಂದೆ. ಹೇಳಿದ ಮೇಲೆ ಒಂದು ಕಮೋಡ್ ಸ್ಟೂಲ್ ತಂದಿಟ್ಟಿದ್ದಾರೆ, ಮೆಟ್ಟಿಲು ಹಾಗೇ ಇದೆ. ರಿಸೆಪ್ಷನ್‌ನಲ್ಲಿ ಕೂರುವ ಹುಡುಗ ಎಲ್ಲರೆದುರು "ಏನ್ ತೊಂದ್ರೆ ನಿಮ್ದು?" ಅಂತ ಜೋರಾಗಿ ಕೇಳುತ್ತಾನೆ. ನನ್ನ ಕಣ್ಣೆದುರೇ ಒಬ್ಬ ಅಜ್ಜಿ "ಮಂಡಿನೋವು" ಅಂತ ಹೇಳಿ ಕೂತಿದ್ದನ್ನು ನೋಡಿದೆ, ಅವರು ಬಂದದ್ದು ಗರ್ಭಕೋಶ ಜಾರಿದ್ದಕ್ಕೆ. ಇದನ್ನು ಮಾತ್ರ ಕ್ಷಮಿಸಲು ಆಗುವುದಿಲ್ಲ. ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಮುಗಿಯಿತು. ವ್ಯಾಯಾಮದ ಹಾಳೆ ಬರೀ ಇಂಗ್ಲಿಷಿನಲ್ಲಿದೆ. ನಾನು ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ, ಝೆರಾಕ್ಸ್ ಮಾಡಿ ಕೊಡುತ್ತೇವೆ ಎಂದಿದ್ದಾರೆ.

ಗಂಡಸರನ್ನು ಇಲ್ಲಿ ನೋಡುವುದಿಲ್ಲ. ಮೈಯೋಸೈಟಿಸ್ ಇರುವ ಗಂಡಸರಿಗೂ ಸೋರುವುದು, ಗಡಸು ಬರದಿರುವುದು ಇರುತ್ತದೆ, ಅವರು ಇನ್ನೂ ಬಾಯಿ ಬಿಡುವುದಿಲ್ಲ. ಯುರಾಲಜಿಸ್ಟ್ ಹತ್ತಿರ ಹೋಗಿ, ಸ್ನಾಯು ಕಾಯಿಲೆ ಇದೆ ಅಂತ ಮೊದಲೇ ಹೇಳಿ.

ಕೆಲವು ಲಕ್ಷಣ ಇದ್ದರೆ ಇಲ್ಲಿಗೆ ಬರುವುದು ಆಮೇಲೆ, ಮೊದಲು ಆಸ್ಪತ್ರೆ. ಮೂತ್ರ ಕಪ್ಪು ಟೀ ಬಣ್ಣಕ್ಕೆ ಬಂದು ಮೈಯೆಲ್ಲಾ ನೋವಿದ್ದರೆ ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳುತ್ತಿರಬಹುದು. ರಕ್ತ ಕಂಡರೆ, ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ತೊಡೆ ಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ ಒಂದು ದಿನವೂ ಕಾಯಬೇಡಿ.

ಫೀಸ್ ಮೊದಲ ಸಲಕ್ಕೆ 600 ರೂಪಾಯಿ, ಆಮೇಲೆ ಸಲಕ್ಕೆ 400. ಮುಕ್ಕಾಲು ಗಂಟೆ ಪೂರ್ತಿ ಕೊಡುತ್ತಾರೆ, ಹಾಗಾಗಿ ದುಬಾರಿ ಅನಿಸಲಿಲ್ಲ. ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಇಲ್ಲ. ಸಂಜೆ ಬಹಳ ರಷ್ ಇರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಮಾಡಿ ಹೋಗಿ. ಮಾತ್ರೆ ಚೀಟಿ, ಈಚಿನ ಸಿಪಿಕೆ ಮತ್ತು ಶುಗರ್ ರಿಪೋರ್ಟ್ ಇಟ್ಟುಕೊಳ್ಳಿ. ಮೆಟ್ಟಿಲು ಹತ್ತಿಸುವುದಕ್ಕೆ ಯಾರನ್ನಾದರೂ ಕರೆದುಕೊಂಡು ಹೋಗಿ, ಮೇಲೆ ಹೋದ ಮೇಲೆ ಅವರನ್ನು ಹೊರಗೇ ಕೂರಿಸಿ ನೀವೊಬ್ಬರೇ ಒಳಗೆ ಹೋಗಿ.